ತೂಕ ಒಬ್ಬಳದಲ್ಲ, ಮನೆಯದು

ಈದ್ ದಿನ ಮನೆಗೆ ಬಂದವರು ಸಲಾಮ್ ಹೇಳಿ, ಕೂತು, ಶರಬತ್ತಿನ ಲೋಟ ಕೈಗೆತ್ತಿಕೊಳ್ಳುವ ಮೊದಲೇ ಆಡುವ ಮಾತೊಂದಿದೆ. "ಮಗಳು ಸ್ವಲ್ಪ ದಪ್ಪ ಆಗಿದ್ದಾಳಲ್ಲ?" ಹೇಳಿದವರಿಗೆ ಅದು ಕುಶಲ ವಿಚಾರಿಸಿದಷ್ಟೇ ಸಹಜ. ಕೇಳಿಸಿಕೊಂಡವಳಿಗೆ ಮಾತ್ರ ಹೊಸ ಬಟ್ಟೆಯ ಸಂತೋಷ ಅಲ್ಲಿಗೇ ಮುಗಿಯುತ್ತದೆ. ತಮಾಷೆಯೆಂದರೆ, ಅರ್ಧ ಗಂಟೆ ಕಳೆದು ಊಟಕ್ಕೆ ಕೂತಾಗ ಅದೇ ಅತಿಥಿ ಅವಳ ತಟ್ಟೆಗೆ ಇನ್ನೊಂದು ಸೌಟು ಬಿರಿಯಾನಿ ಹಾಕಿ, "ತಿನ್ನು ಮಗಳೇ, ಹಬ್ಬ ಅಲ್ವಾ" ಎನ್ನುತ್ತಾರೆ. ತಿಂದರೆ ದಪ್ಪ ಎಂಬ ಮಾತು, ಬೇಡವೆಂದರೆ ಜಂಬ ಎಂಬ ಮಾತು.

ರಾತ್ರಿ ಆ ಹುಡುಗಿ ಮೊಬೈಲ್ ತೆರೆದರೆ ಅಲ್ಲಿ ಇನ್ನೊಂದು ಧ್ವನಿ. ನಿನ್ನ ದೇಹ ಹೇಗಿದೆಯೋ ಹಾಗೆಯೇ ಸುಂದರ, ತೂಕದ ಬಗ್ಗೆ ಮಾತನಾಡುವವರೆಲ್ಲ ನಿನ್ನ ವೈರಿಗಳು, ವೈದ್ಯರು ಹೇಳಿದರೂ ಕಿವಿಗೊಡಬೇಡ ಎನ್ನುವ ವೀಡಿಯೊಗಳು. ಇದನ್ನು ಬಾಡಿ ಪಾಸಿಟಿವಿಟಿ ಎನ್ನುತ್ತಾರೆ. ಅದೇ ಮೊಬೈಲಿನಲ್ಲಿ ಬೆರಳು ಇನ್ನೊಮ್ಮೆ ಜಾರಿಸಿದರೆ ಹದಿನೈದು ದಿನದಲ್ಲಿ ಹತ್ತು ಕಿಲೋ ಇಳಿಸುವ ಪುಡಿಯ ಜಾಹೀರಾತು. ಚುಚ್ಚುವ ಮನೆ, ಹೊಗಳುವ ವೀಡಿಯೊ, ಪುಡಿ ಮಾರುವ ಕಂಪೆನಿ - ಈ ಮೂವರಲ್ಲಿ ಯಾರೂ ಅವಳ ಆರೋಗ್ಯದ ಬಗ್ಗೆ ನಿಜವಾಗಿ ಯೋಚಿಸುತ್ತಿಲ್ಲ ಎಂಬುದು ನನ್ನ ಅಭಿಪ್ರಾಯ. ಆದರೆ ಮೂವರಲ್ಲಿ ನಮ್ಮ ಕೈಯಲ್ಲಿರುವುದು ಮನೆ ಒಂದೇ. ಆದ್ದರಿಂದ ನನ್ನ ಮಾತು ಹೆಚ್ಚಾಗಿ ಮನೆಯವರೊಂದಿಗೆ.

ಮೊದಲು ಈ ಚಳವಳಿಗೆ ಸಲ್ಲಬೇಕಾದ ನ್ಯಾಯ ಸಲ್ಲಿಸೋಣ. ಇದು ಇನ್‌ಸ್ಟಾಗ್ರಾಂನಲ್ಲಿ ಹುಟ್ಟಿದ್ದಲ್ಲ. 1967ರಲ್ಲಿ ನ್ಯೂಯಾರ್ಕ್‌ನ ಸೆಂಟ್ರಲ್ ಪಾರ್ಕ್‌ನಲ್ಲಿ ಸುಮಾರು 500 ಮಂದಿ ಸೇರಿ, ದಪ್ಪಗಿರುವವರನ್ನು ಕೀಳಾಗಿ ಕಾಣುವುದನ್ನು ವಿರೋಧಿಸಿ ಡಯಟ್ ಪುಸ್ತಕಗಳನ್ನು ಸುಟ್ಟಿದ್ದರು. ಎರಡು ವರ್ಷಗಳ ಬಳಿಕ, 1969ರಲ್ಲಿ, ಬಿಲ್ ಫ್ಯಾಬ್ರಿ ಎಂಬ ಇಂಜಿನಿಯರ್ ಅಮೆರಿಕದಲ್ಲಿ ದಪ್ಪಗಿರುವವರ ಹಕ್ಕಿಗಾಗಿ ಮೊದಲ ಸಂಘ ಕಟ್ಟಿದರು. ತನ್ನ ಪತ್ನಿಯನ್ನು ಜನರು ನಡೆಸಿಕೊಳ್ಳುತ್ತಿದ್ದ ರೀತಿಯನ್ನು ಕಂಡು ನೊಂದು ಅವರು ಆ ಕೆಲಸಕ್ಕೆ ಇಳಿದರು. ಈ ಸಂಗತಿ ನನಗೆ ಬಹಳ ಇಷ್ಟ. ಹೆಂಡತಿಯ ದೇಹದ ಬಗ್ಗೆ ನಾಲ್ಕು ಜನ ಆಡಿಕೊಳ್ಳುವಾಗ ಜೊತೆಗೆ ನಗುವ ಗಂಡಂದಿರನ್ನು ನಾವು ಎಷ್ಟು ಕಂಡಿಲ್ಲ! ಆಗಿನ ಬೇಡಿಕೆಯೂ ಸರಳವಾಗಿತ್ತು: ದಪ್ಪಗಿದ್ದಾರೆಂದು ಕೆಲಸ ನಿರಾಕರಿಸಬೇಡಿ, ದಪ್ಪಗಿದ್ದಾರೆಂದು ಆಸ್ಪತ್ರೆಯಲ್ಲಿ ಅವಮಾನಿಸಬೇಡಿ. ಇದರಲ್ಲಿ ತಪ್ಪು ಹುಡುಕಲು ಯಾವ ಕಾರಣವೂ ಇಲ್ಲ. ಇನ್ನೊಬ್ಬರನ್ನು ಅಪಹಾಸ್ಯ ಮಾಡಬಾರದು, ಅಡ್ಡಹೆಸರಿಟ್ಟು ಕರೆಯಬಾರದು ಎಂಬುದನ್ನು ಮದ್ರಸದ ಒಂದನೇ ತರಗತಿಯಿಂದ ಕೇಳುತ್ತಾ ಬಂದ ನಮಗೆ ಇದನ್ನು ಅಮೆರಿಕದಿಂದ ಕಲಿಯುವ ಅಗತ್ಯವೂ ಇರಲಿಲ್ಲ. ಆದರೂ "ಡುಮ್ಮಿ", "ಡ್ರಮ್ಮು" ಎಂಬ ಹೆಸರುಗಳು ನಮ್ಮ ಮನೆಗಳಲ್ಲೇ ಹುಟ್ಟುತ್ತವೆ, ಅದೂ ಪ್ರೀತಿಯ ಹೆಸರಿನಲ್ಲಿ.

"ಹೇಳದಿದ್ದರೆ ಇಳಿಯುವುದಿಲ್ಲ, ನಾಲ್ಕು ಮಾತು ಚುಚ್ಚಿದರೆ ಹಟ ಬಂದು ಇಳಿಸುತ್ತಾಳೆ" ಎಂಬುದು ಹಿರಿಯರ ಸಮರ್ಥನೆ. ಇದು ಬರೀ ಒರಟುತನವಲ್ಲ, ಲೆಕ್ಕದಲ್ಲೂ ತಪ್ಪು. ಇಂಗ್ಲೆಂಡಿನಲ್ಲಿ 50 ವರ್ಷ ದಾಟಿದ ಸುಮಾರು ಮೂರು ಸಾವಿರ ಮಂದಿಯನ್ನು ನಾಲ್ಕು ವರ್ಷ ಗಮನಿಸಿದ ಅಧ್ಯಯನವೊಂದು 2014ರಲ್ಲಿ ಪ್ರಕಟವಾಯಿತು. ತೂಕದ ಕಾರಣಕ್ಕೆ ತಮ್ಮನ್ನು ಹೀನಾಯವಾಗಿ ಕಂಡಿದ್ದಾರೆ ಎಂದವರ ತೂಕ ಆ ಅವಧಿಯಲ್ಲಿ ಸರಾಸರಿ ಸುಮಾರು ಒಂದು ಕಿಲೋ ಏರಿತ್ತು. ಅಂಥ ಅನುಭವ ಇಲ್ಲದವರ ತೂಕ ಮುಕ್ಕಾಲು ಕಿಲೋದಷ್ಟು ಇಳಿದಿತ್ತು. ಅದಕ್ಕಿಂತ ಒಂದು ವರ್ಷ ಹಿಂದೆ ಅಮೆರಿಕದಲ್ಲಿ ಆರು ಸಾವಿರಕ್ಕೂ ಹೆಚ್ಚು ಮಂದಿಯ ಮೇಲೆ ನಡೆದ ಅಧ್ಯಯನವೂ ಇದೇ ದಾರಿಯಲ್ಲಿತ್ತು: ಮೊದಲು ಬೊಜ್ಜು ಇಲ್ಲದಿದ್ದು ತೂಕದ ಕಾರಣಕ್ಕೆ ತಾರತಮ್ಯ ಅನುಭವಿಸಿದವರಿಗೆ ಕೆಲ ವರ್ಷಗಳಲ್ಲಿ ಬೊಜ್ಜು ಬರುವ ಸಾಧ್ಯತೆ ಉಳಿದವರಿಗಿಂತ ಎರಡೂವರೆ ಪಟ್ಟು ಹೆಚ್ಚಿತ್ತು. ಇದರ ಹಿಂದಿನ ಕಾರಣ ಊಹಿಸುವುದು ಕಷ್ಟವಲ್ಲ. ಅವಮಾನವಾದವಳು ಎಲ್ಲರೆದುರು ತಿನ್ನುವುದನ್ನು ಬಿಡುತ್ತಾಳೆ, ಎಲ್ಲರೂ ಮಲಗಿದ ಮೇಲೆ ಅಡುಗೆಮನೆಗೆ ಹೋಗುತ್ತಾಳೆ. ವಾಕಿಂಗ್ ಹೋದರೆ ನೋಡುವವರು ನಗುತ್ತಾರೆಂದು ಮನೆಯಲ್ಲೇ ಕೂರುತ್ತಾಳೆ. ತೂಕದ ಯಂತ್ರ ಹತ್ತಬೇಕಾಗುತ್ತದೆ ಎಂಬ ಭಯಕ್ಕೆ ವೈದ್ಯರ ಬಳಿ ಹೋಗುವುದನ್ನೂ ಮುಂದೂಡುತ್ತಾಳೆ.

ಇನ್ನೂ ಒಂದು ಮಾತು. ದಪ್ಪಗಿರುವವರೆಲ್ಲ ಹೊಟ್ಟೆಬಾಕರು ಎಂಬ ನಂಬಿಕೆಗೂ ಆಧಾರವಿಲ್ಲ. 1986ರಲ್ಲಿ ಡೆನ್ಮಾರ್ಕ್‌ನಲ್ಲಿ ದತ್ತು ಮಕ್ಕಳ ಮೇಲೆ ನಡೆದ ಅಧ್ಯಯನ ಪ್ರಸಿದ್ಧವಾದುದು. ದತ್ತು ಹೋದವರು ದೊಡ್ಡವರಾದಾಗ ಅವರ ಮೈಕಟ್ಟು ಅವರನ್ನು ಹೆತ್ತವರ ಮೈಕಟ್ಟನ್ನು ಹೋಲುತ್ತಿತ್ತು, ಅನ್ನ ಹಾಕಿ ಸಾಕಿದವರದ್ದನ್ನಲ್ಲ. ಒಂದೇ ಮನೆಯಲ್ಲಿ ಒಂದೇ ಪಾತ್ರೆಯ ಊಟ ಉಂಡ ಇಬ್ಬರು ಅಕ್ಕತಂಗಿಯರಲ್ಲಿ ಒಬ್ಬಳು ಕಡ್ಡಿಯಂತೆ, ಇನ್ನೊಬ್ಬಳು ದುಂಡಗೆ ಇರುವುದು ನಾವೆಲ್ಲ ಕಂಡದ್ದೇ. ಇಳಿಸಿದ ತೂಕವನ್ನು ಹಿಡಿದಿಟ್ಟುಕೊಳ್ಳುವುದಂತೂ ಇನ್ನೂ ಕಷ್ಟ. ಅಮೆರಿಕದ ತೂಕ ಇಳಿಸುವ ಟಿವಿ ಸ್ಪರ್ಧೆಯೊಂದರಲ್ಲಿ ಭಾಗವಹಿಸಿದ್ದ 14 ಮಂದಿಯನ್ನು ಆರು ವರ್ಷಗಳ ಬಳಿಕ ಪರೀಕ್ಷಿಸಿ 2016ರಲ್ಲಿ ವರದಿ ಮಾಡಲಾಯಿತು. ಹೆಚ್ಚಿನವರ ತೂಕ ಬಹುಪಾಲು ಮರಳಿ ಬಂದಿತ್ತು. ಅವರ ದೇಹ ಸುಮ್ಮನೆ ಕೂತಾಗ ಸುಡುತ್ತಿದ್ದ ಕ್ಯಾಲೊರಿ, ಅವರ ಗಾತ್ರದ ಇತರರಿಗೆ ನಿರೀಕ್ಷಿಸುವುದಕ್ಕಿಂತ ದಿನಕ್ಕೆ ಸುಮಾರು 500ರಷ್ಟು ಕಡಿಮೆ ಇತ್ತು. ಅಂದರೆ ವೇಗವಾಗಿ ತೂಕ ಇಳಿಸಿದವರ ದೇಹ ಬರಗಾಲ ಬಂದಿದೆಯೆಂದು ತಿಳಿದು ಖರ್ಚು ಕಡಿತ ಮಾಡಿಬಿಟ್ಟಿತ್ತು. "ಬಾಯಿ ಕಟ್ಟಿದರೆ ಆಯ್ತಪ್ಪ" ಎಂದು ಸೋಫಾದಲ್ಲಿ ಕೂತು ಹೇಳುವವರು ಇದನ್ನು ತಿಳಿಯಬೇಕು.

ಇಲ್ಲಿಯವರೆಗೆ ನಾನು ಬಾಡಿ ಪಾಸಿಟಿವಿಟಿಯ ಜೊತೆಗಿದ್ದೇನೆ. ಇಲ್ಲಿಂದ ಮುಂದೆ ಇಲ್ಲ.

ಏಕೆಂದರೆ ಆ ಮಾತು ಬೆಳೆಯುತ್ತಾ ಹೋಗಿ, "ದಪ್ಪಗಿದ್ದರೂ ಆರೋಗ್ಯವಾಗಿಯೇ ಇರಬಹುದು, ತೂಕಕ್ಕೂ ಕಾಯಿಲೆಗೂ ಸಂಬಂಧವಿಲ್ಲ" ಎಂಬಲ್ಲಿಗೆ ಬಂದು ನಿಂತಿದೆ. ಇದು ಸುಳ್ಳು. ಬ್ರಿಟನ್ನಿನ 35 ಲಕ್ಷ ಜನರ ವೈದ್ಯಕೀಯ ದಾಖಲೆಗಳನ್ನು ಪರಿಶೀಲಿಸಿದ 2017ರ ಅಧ್ಯಯನವನ್ನು ನೋಡಿ. ಸಕ್ಕರೆ ಕಾಯಿಲೆ, ಬಿಪಿ, ಕೊಲೆಸ್ಟ್ರಾಲ್ ಯಾವುದೂ ಇಲ್ಲದ, "ಆರೋಗ್ಯವಂತ" ಬೊಜ್ಜಿನವರಲ್ಲೂ ಹೃದಯದ ರಕ್ತನಾಳದ ಕಾಯಿಲೆಯ ಅಪಾಯ ಸಹಜ ತೂಕದ ಆರೋಗ್ಯವಂತರಿಗಿಂತ ಶೇ. 49ರಷ್ಟು ಹೆಚ್ಚಿತ್ತು. ಹೃದಯ ವೈಫಲ್ಯದ ಅಪಾಯ ಹೆಚ್ಚುಕಡಿಮೆ ಎರಡು ಪಟ್ಟು. ಇಂದು ರಕ್ತಪರೀಕ್ಷೆ ಸರಿ ಬಂದಿದೆ ಎಂಬುದು ಹತ್ತು ವರ್ಷಗಳ ಬಳಿಕದ ಗ್ಯಾರಂಟಿಯಲ್ಲ.

ನಮ್ಮ ವಿಷಯ ಇನ್ನೂ ಸೂಕ್ಷ್ಮ. ನಮ್ಮ ಮೈಯ ಕೊಬ್ಬು ಸೇರುವ ಜಾಗವೇ ಬೇರೆ. ಪುಣೆಯ ವೈದ್ಯ ಚಿತ್ತರಂಜನ್ ಯಾಜ್ಞಿಕ್ ಮತ್ತು ಅವರ ಬ್ರಿಟಿಷ್ ಮಿತ್ರ ಜಾನ್ ಯುಡ್‌ಕಿನ್ 2004ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ತಮ್ಮದೇ ದೇಹಗಳ ಲೆಕ್ಕ ಪ್ರಕಟಿಸಿದರು. ಎತ್ತರಕ್ಕೆ ತಕ್ಕ ತೂಕವನ್ನು ಹೇಳುವ ಬಿಎಂಐ ಇಬ್ಬರದೂ ಒಂದೇ, 22.3. ಆದರೆ ದೇಹದ ಕೊಬ್ಬು ಬ್ರಿಟಿಷರಲ್ಲಿ ಶೇ. 9.1, ಪುಣೆಯವರಲ್ಲಿ ಶೇ. 21.2! ಇಬ್ಬರೂ ನೋಡಲು ತೆಳ್ಳಗೆ. ನಮ್ಮಲ್ಲಿ ಕೈಕಾಲು ಸಣ್ಣಗಿದ್ದು ಹೊಟ್ಟೆಯೊಳಗೆ, ಯಕೃತ್ತಿನ ಸುತ್ತ ಕೊಬ್ಬು ಕೂರುತ್ತದೆ. ಆದ್ದರಿಂದಲೇ ಭಾರತೀಯರಿಗೆ ಬಿಎಂಐ 23 ದಾಟಿದರೆ ಅಧಿಕ ತೂಕ, 25 ದಾಟಿದರೆ ಬೊಜ್ಜು ಎಂದು ನಮ್ಮ ವೈದ್ಯರು ಲೆಕ್ಕ ಹಾಕುತ್ತಾರೆ. ಪಾಶ್ಚಾತ್ಯರಿಗೆ ಬೊಜ್ಜಿನ ಗೆರೆ 30. 160 ಸೆಂ.ಮೀ., ಅಂದರೆ ಸುಮಾರು ಐದು ಅಡಿ ಮೂರು ಇಂಚು ಎತ್ತರದ ಮಹಿಳೆಗೆ 59 ಕಿಲೋ ದಾಟಿದರೆ ಎಚ್ಚರಿಕೆ, 64 ದಾಟಿದರೆ ಬೊಜ್ಜು. ಅದೇ ಎತ್ತರದ ಅಮೆರಿಕನ್ ಮಹಿಳೆಗೆ ಆ ಗೆರೆ ಬರುವುದು 77 ಕಿಲೋ ಆಸುಪಾಸಿನಲ್ಲಿ. ಅಲ್ಲಿನ ತಾರೆಯೊಬ್ಬಳು "ನಾನು 75 ಕಿಲೋ, ಆರಾಮಾಗಿದ್ದೇನೆ" ಎಂದು ವೀಡಿಯೊ ಮಾಡಿದರೆ ಅದನ್ನು ಭಟ್ಕಳದಲ್ಲೋ ಬಿಜಾಪುರದಲ್ಲೋ ಕೂತು ನಂಬುವುದು ಸರಿಯಲ್ಲ.

ಬರೀ ತೂಕದ ಯಂತ್ರಕ್ಕಿಂತ ದರ್ಜಿಯ ಟೇಪು ಉತ್ತಮ. ಹೊಟ್ಟೆಯ ಸುತ್ತಳತೆ ಹೆಂಗಸರಿಗೆ 80 ಸೆಂ.ಮೀ., ಗಂಡಸರಿಗೆ 90 ಸೆಂ.ಮೀ. ದಾಟಬಾರದು. 2025ರ ಜನವರಿಯಲ್ಲಿ ಲ್ಯಾನ್ಸೆಟ್ ಆಯೋಗದ ತಜ್ಞರೂ ಇದೇ ಮಾತನ್ನು ಒತ್ತಿ ಹೇಳಿದರು. ಬಿಎಂಐ ಒಂದನ್ನೇ ನೋಡಿ ಯಾರನ್ನೂ ರೋಗಿ ಎನ್ನಬೇಡಿ. ಕೊಬ್ಬು ಹೆಚ್ಚಿದ್ದರೂ ಅಂಗಾಂಗಗಳಿಗೆ ಇನ್ನೂ ತೊಂದರೆ ಆಗದವರು ಒಂದು ಬಗೆ, ಉಸಿರು, ಕೀಲು, ಹೃದಯ, ಕಿಡ್ನಿಗೆ ಆಗಲೇ ತೊಂದರೆ ಆರಂಭವಾದವರು ಇನ್ನೊಂದು ಬಗೆ. ಮೊದಲನೆಯವರಿಗೆ ಎಚ್ಚರಿಕೆ ಮತ್ತು ನಿಗಾ ಸಾಕು, ಎರಡನೆಯವರಿಗೆ ಚಿಕಿತ್ಸೆ ಬೇಕು. ಅವಮಾನಿಸುವವರಿಗೂ, ಎಲ್ಲ ಸರಿಯಿದೆ ಎನ್ನುವವರಿಗೂ ಇದರಲ್ಲಿ ಉತ್ತರವಿದೆ.

ನಮ್ಮ ಮನೆಗಳಲ್ಲಿ ಈ ತೊಂದರೆ ಮೊದಲು ಕಾಣುವುದು ನಮಾಝ್‌ನ ಚಾಪೆಯ ಮೇಲೆ. ನಲವತ್ತೈದಕ್ಕೇ ಕುರ್ಚಿಯಲ್ಲಿ ಕೂತು ನಮಾಝ್ ಮಾಡುವ ಎಷ್ಟು ಉಮ್ಮಂದಿರಿದ್ದಾರೆ ನೋಡಿ. ಸುಜೂದ್‌ಗೆ ಹೋದರೆ ಏಳಲಾಗದ ಮೊಣಕಾಲು ನೋವು. ಮುಲಾಮು, ಎಣ್ಣೆ, ಬೆಲ್ಟ್ ಎಲ್ಲ ಬಂದಿರುತ್ತದೆ. ಒಂದು ಕಿಲೋ ತೂಕ ಇಳಿದರೆ ಪ್ರತಿ ಹೆಜ್ಜೆಗೆ ಮೊಣಕಾಲಿನ ಮೇಲಿನ ಹೊರೆ ಸುಮಾರು ನಾಲ್ಕು ಕಿಲೋದಷ್ಟು ಕಡಿಮೆಯಾಗುತ್ತದೆ ಎಂದು 2005ರ ಅಧ್ಯಯನವೊಂದು ಲೆಕ್ಕ ಹಾಕಿ ತೋರಿಸಿದೆ. ಐದು ಕಿಲೋ ಇಳಿದರೆ ಇಪ್ಪತ್ತು. ಸೌಂದರ್ಯದ ಮಾತು ಬಿಡಿ, ಒಂದು ಸುಜೂದ್ ಸಲೀಸಾಗಿ ಮಾಡುವ ಆಸೆ ಸಾಲದೇ?

ಈಗ ನನ್ನ ಮುಖ್ಯ ತಕರಾರಿಗೆ ಬರುತ್ತೇನೆ. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ (2019-21) ಪ್ರಕಾರ ಕರ್ನಾಟಕದ ಮಹಿಳೆಯರಲ್ಲಿ ನೂರಕ್ಕೆ ಸುಮಾರು 30 ಮಂದಿಗೆ ಅಧಿಕ ತೂಕ ಅಥವಾ ಬೊಜ್ಜು ಇದೆ. ಪುರುಷರಲ್ಲಿ? ಸುಮಾರು 31. ಅಂದರೆ ಗಂಡಸರು ಒಂದು ಹೆಜ್ಜೆಯೂ ಹಿಂದಿಲ್ಲ. ಹಾಗಾದರೆ ಗಂಡಸರ ಹೊಟ್ಟೆಯ ಬಗ್ಗೆ ಮಾತು ಏಕಿಲ್ಲ? ಗಲ್ಫ್‌ನಿಂದ ಎರಡು ವರ್ಷಕ್ಕೊಮ್ಮೆ ಬರುವ ಮಗನ ಅಂಗಿಯ ಗುಂಡಿ ಬಿಗಿಯಾಗಿದ್ದರೆ "ಮಾಶಾ ಅಲ್ಲಾಹ್, ಚೆನ್ನಾಗಿದ್ದಾನೆ" ಎನ್ನುತ್ತೇವೆ. ಅವನ ತಂಗಿಯ ಚೂಡಿದಾರ ಬಿಗಿಯಾದರೆ "ಇನ್ನು ಗಂಡು ಸಿಕ್ಕಿದ ಹಾಗೆ" ಎನ್ನುತ್ತೇವೆ. ಮಗನ ಹೊಟ್ಟೆ ಸಂಪಾದನೆಯ ಗುರುತು, ಮಗಳದ್ದು ಶಿಸ್ತಿಲ್ಲದ ಗುರುತು. ಅಲ್ಲಿ ಅವನು ಬೆಳಗ್ಗೆ ಊಟ ಬಿಟ್ಟು, ರಾತ್ರಿ ಹನ್ನೊಂದಕ್ಕೆ ಅಂಗಡಿ ಮುಚ್ಚಿ, ಮಂದಿ ಅನ್ನವೋ ಶವರ್ಮವೋ ತಂಪು ಪಾನೀಯದೊಂದಿಗೆ ತಿಂದು ಮಲಗುತ್ತಾನೆ. ನಲವತ್ತರೊಳಗೆ ಸಕ್ಕರೆ ಕಾಯಿಲೆಯ ಮಾತ್ರೆ ಸೂಟ್‌ಕೇಸಿನಲ್ಲಿ ಬರುತ್ತದೆ. ಅವನಿಗೂ ನಾವು ಉಪಕಾರ ಮಾಡಲಿಲ್ಲ. ದೇಶದಲ್ಲಿ 10 ಕೋಟಿಗೂ ಹೆಚ್ಚು ಮಂದಿಗೆ ಸಕ್ಕರೆ ಕಾಯಿಲೆ, ಇನ್ನೂ 13.6 ಕೋಟಿ ಮಂದಿ ಅದರ ಹೊಸ್ತಿಲಲ್ಲಿ ಎಂದು ಐಸಿಎಂಆರ್ ಬೆಂಬಲದ ಅಧ್ಯಯನ 2023ರಲ್ಲಿ ಹೇಳಿತು. ಹೊಗಳಿಕೆಯಿಂದಲೂ ಜನ ರೋಗಿಗಳಾಗುತ್ತಾರೆ.

ಹೆಣ್ಣುಮಗಳ ತೂಕ ಅವಳೊಬ್ಬಳದೇ ತಪ್ಪು ಎಂಬಂತೆ ಮಾತನಾಡುತ್ತೇವಲ್ಲ, ಆ ತೂಕ ಎಲ್ಲಿಂದ ಬಂತೆಂದು ಒಮ್ಮೆ ಲೆಕ್ಕ ಹಾಕೋಣ. ಐದು ಮಂದಿಯ ಮನೆಗೆ ತಿಂಗಳಿಗೆ ಎಂಟು ಲೀಟರ್ ಎಣ್ಣೆ ಬೇಕಾಗುತ್ತದೆ ಎಂದಿಟ್ಟುಕೊಳ್ಳಿ. ಅತಿಥಿಗಳು ಬರುವ, ರಮಝಾನ್‌ನಲ್ಲಿ ದಿನವೂ ಬಾಣಲೆ ಇಡುವ ಮನೆಗಳಲ್ಲಿ ಇದೇನೂ ದೊಡ್ಡ ಲೆಕ್ಕವಲ್ಲ. ಒಬ್ಬೊಬ್ಬರ ಪಾಲಿಗೆ ದಿನಕ್ಕೆ ಸುಮಾರು 50 ಗ್ರಾಂ ಎಣ್ಣೆ, ಅಂದರೆ ಸುಮಾರು 440 ಕ್ಯಾಲೊರಿ. ಹೆಚ್ಚು ಮೈಮುರಿದು ದುಡಿಯದ ಭಾರತೀಯ ಮಹಿಳೆಗೆ ಇಡೀ ದಿನಕ್ಕೆ ಬೇಕಾದದ್ದೇ ಸುಮಾರು 1,660 ಕ್ಯಾಲೊರಿ ಎಂದು ಐಸಿಎಂಆರ್ ಲೆಕ್ಕ. ಕಾಲು ಭಾಗ ಎಣ್ಣೆಯಲ್ಲೇ ಮುಗಿಯಿತು, ಅನ್ನ, ಮಾಂಸ, ಚಹಾದ ಸಕ್ಕರೆ ಇನ್ನೂ ಬಾಕಿ. ಈ ಎಣ್ಣೆಯನ್ನು ಅಂಗಡಿಯಿಂದ ತಂದವರು ಯಾರು? ಪರೋಟ, ಪತ್ತಿರ್, ನೈಚೋರು, ಕರಿದ ಮೀನು ಬೇಕೆಂದವರು ಯಾರು? ಅಡುಗೆ ಮಾಡಿದವಳು ಕೊನೆಗೆ ಕೂತು, ಉಳಿದದ್ದನ್ನು ಬಿಸಾಡಬಾರದೆಂದು ಮಕ್ಕಳ ತಟ್ಟೆಯದ್ದನ್ನೂ ಸೇರಿಸಿ ತಿನ್ನುತ್ತಾಳೆ. ಉಳಿಸಿದ ಅನ್ನ ವ್ಯರ್ಥವಾಗಬಾರದು ನಿಜ. ಅದಕ್ಕೆ ಅವಳ ಹೊಟ್ಟೆಯೇ ತೊಟ್ಟಿ ಆಗಬೇಕೇ? ಅಕ್ಕಿ ಅಳೆಯುವಾಗಲೇ ಒಂದು ಪಾವು ಕಡಿಮೆ ಹಾಕಬಹುದಲ್ಲ.

ಬಾಣಂತನದಲ್ಲಿ ನಲವತ್ತು ದಿನ ತುಪ್ಪ, ಬೆಲ್ಲ, ಲೇಹ್ಯ, ಮಾಂಸದ ಸೂಪು ಕೊಟ್ಟು ಹಾಸಿಗೆಯಿಂದ ಏಳಬೇಡ ಎನ್ನುತ್ತೇವೆ. ಮೂರು ಹೆರಿಗೆ ಆಗುವಷ್ಟರಲ್ಲಿ ಹನ್ನೆರಡೋ ಹದಿನೈದೋ ಕಿಲೋ ಏರಿರುತ್ತದೆ, ಒಂದೂ ಇಳಿದಿರುವುದಿಲ್ಲ. ಆಮೇಲೆ ಅದೇ ಮನೆಯವರಿಂದ "ಮದುವೆಯಲ್ಲಿ ಹೇಗಿದ್ದಳು, ಈಗ ನೋಡಿ" ಎಂಬ ಮಾತು. ನಡೆಯೋಣವೆಂದರೆ ಜಾಗವಿಲ್ಲ. ಗಂಡುಮಕ್ಕಳಿಗೆ ಮೈದಾನ, ಮಸೀದಿಗೆ ಐದು ಹೊತ್ತಿನ ನಡಿಗೆ, ರಾತ್ರಿಯ ವಾಲಿಬಾಲ್. ಹುಡುಗಿ ಏಳನೇ ತರಗತಿಗೆ ಬಂದೊಡನೆ ಅವಳ ಓಟ ನಿಲ್ಲುತ್ತದೆ. ಶಾಲೆಯ ಆಟದ ಅವಧಿಯಲ್ಲಿ ಅವಳು ಗೋಡೆ ಬದಿಯಲ್ಲಿ ಕೂತಿರುತ್ತಾಳೆ. ಅವಳು ಕೂತದ್ದಲ್ಲ, ನಾವು ಕೂರಿಸಿದ್ದು. ಪರ್ದಾ ಇದಕ್ಕೆ ಅಡ್ಡಿ ಎಂದು ನಾನು ಒಪ್ಪುವುದಿಲ್ಲ. ಅಬಾಯ ಧರಿಸಿ ಬೆಳಗಿನ ಹೊತ್ತು ನಡೆಯುವ ಹೆಂಗಸರು ಈಗ ಎಲ್ಲ ಊರಲ್ಲೂ ಕಾಣುತ್ತಾರೆ. ಅಡ್ಡಿ ಇರುವುದು ಜೊತೆಗೆ ಬರುವವರಿಲ್ಲದಿರುವುದರಲ್ಲಿ, ಬೆಳಗಿನ ತಿಂಡಿ ಏಳೂವರೆಗೆ ತಯಾರಿರಲೇಬೇಕು ಎನ್ನುವುದರಲ್ಲಿ.

ರಮಝಾನ್ ಬಗ್ಗೆ ಎರಡು ಮಾತು. ಉಪವಾಸದಿಂದ ತೂಕ ಇಳಿಯುತ್ತದೆಂದು ಹಲವರು ತಿಳಿದಿದ್ದಾರೆ. ಈ ಕುರಿತ ಅಧ್ಯಯನಗಳನ್ನೆಲ್ಲ ಒಟ್ಟಾಗಿ ನೋಡಿದಾಗ ಕಂಡದ್ದು ಇಷ್ಟೇ: ಸ್ವಲ್ಪ ಇಳಿಯುತ್ತದೆ, ಈದ್ ಕಳೆದು ಕೆಲವೇ ವಾರಗಳಲ್ಲಿ ಬಹುಪಾಲು ಮರಳುತ್ತದೆ. ಉಪವಾಸ ಇಬಾದತ್, ಡಯಟ್ ಅಲ್ಲ, ಅದನ್ನು ತೂಕದ ಯಂತ್ರದಿಂದ ಅಳೆಯುವುದೇ ಬೇಡ. ಆದರೆ ಹೊಟ್ಟೆಯ ಮೂರನೇ ಒಂದು ಪಾಲಿನ ಹದೀಸನ್ನು ಅಸರ್ ಬಳಿಕ ಕೇಳಿ, ಮಗ್ರಿಬ್‌ಗೆ ಸಮೋಸ, ಕಟ್ಲೆಟ್, ಬೋಂಡ, ಎರಡು ಬಗೆಯ ಶರಬತ್ತು, ತರಾವೀಹ್ ಬಳಿಕ ಮತ್ತೆ ಊಟ ಎಂದಾದರೆ ಬಾಣಲೆಯ ಮುಂದೆ ಮಧ್ಯಾಹ್ನ ಮೂರರಿಂದ ನಿಂತ ಹೆಂಗಸಿಗೆ ಆ ತಿಂಗಳಲ್ಲಿ ಇಬಾದತ್ತೂ ಇಲ್ಲ, ಆರೋಗ್ಯವೂ ಇಲ್ಲ.

ಮದುವೆಯ ವಿಷಯ ಬಂದಾಗ ಈ ಒತ್ತಡ ಅಪಾಯದ ಮಟ್ಟ ಮುಟ್ಟುತ್ತದೆ. 2022ರ ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ ಕನ್ನಡ ಕಿರುತೆರೆಯ ಯುವನಟಿಯೊಬ್ಬರು ಕೊಬ್ಬು ತೆಗೆಯುವ ಶಸ್ತ್ರಚಿಕಿತ್ಸೆಯ ಬಳಿಕ ಮೃತಪಟ್ಟರು. ತಮಗೆ ತಿಳಿಸದೆ ಹೋಗಿದ್ದಳೆಂದು ಹೆತ್ತವರು ಹೇಳಿದ್ದು ಪತ್ರಿಕೆಗಳಲ್ಲಿ ಬಂತು. ಅವರು ನಟಿ, ನಮ್ಮ ಮಕ್ಕಳು ಹಾಗಲ್ಲ ಎಂದು ಸಮಾಧಾನ ಪಟ್ಟುಕೊಳ್ಳಬೇಡಿ. ತೂಕಕ್ಕೆ ಹೆದರಿ ಊಟ ಬಿಡುವ, ತಿಂದದ್ದನ್ನು ವಾಂತಿ ಮಾಡುವ ಹುಡುಗಿಯರು ಶ್ರೀಮಂತರ ಮನೆಗಳಲ್ಲಿ ಮಾತ್ರ ಇಲ್ಲ. ನೋಡಲು ಬಂದವರು "ಹುಡುಗಿ ಒಳ್ಳೆಯವಳು, ಆದರೆ..." ಎಂದು ಹೇಳಿಕಳಿಸಿದ ಮೂರು ಸಂಬಂಧಗಳ ಬಳಿಕ ಆ ಹುಡುಗಿ ಏನು ಮಾಡಲೂ ಸಿದ್ಧಳಾಗಿರುತ್ತಾಳೆ.

ಈಗ ಚುಚ್ಚುಮದ್ದು ಬಂದಿದೆ. 2025ರ ಮಾರ್ಚ್‌ನಲ್ಲಿ ಮೌಂಜಾರೊ, ಜೂನ್‌ನಲ್ಲಿ ವೆಗೋವಿ ಭಾರತದ ಮಾರುಕಟ್ಟೆಗೆ ಬಂದವು. ವಾರಕ್ಕೊಮ್ಮೆ ಚುಚ್ಚಿಕೊಳ್ಳುವ ಈ ಔಷಧಿಗಳು ಪುಡಿ, ಚಹಾ, ಬೆಲ್ಟ್‌ಗಳಂತೆ ಮೋಸವಲ್ಲ. ವೆಗೋವಿಯಲ್ಲಿರುವ ಸೆಮಗ್ಲುಟೈಡ್ ಪಡೆದವರ ತೂಕ 68 ವಾರಗಳಲ್ಲಿ ಸರಾಸರಿ ಶೇ. 15ರಷ್ಟು ಇಳಿದದ್ದು 2021ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಕಂಡಿತು. ಬೊಜ್ಜಿನ ಜೊತೆ ಸಕ್ಕರೆ ಕಾಯಿಲೆ, ನಿದ್ದೆಯಲ್ಲಿ ಉಸಿರು ಕಟ್ಟುವುದು, ಹೃದಯದ ತೊಂದರೆ ಇರುವವರಿಗೆ ಇದು ದೊಡ್ಡ ಉಪಕಾರ. ಅವರನ್ನು "ಸೋಮಾರಿಗಳ ದಾರಿ" ಎಂದು ಹೀಯಾಳಿಸುವುದೂ ತಪ್ಪು. ಬಿಪಿಗೆ ಮಾತ್ರೆ ನುಂಗುವವರನ್ನು ಹಾಗೆನ್ನುತ್ತೇವೆಯೇ? ಆದರೆ ಔಷಧಿ ನಿಲ್ಲಿಸಿದ ಒಂದು ವರ್ಷದಲ್ಲಿ ಇಳಿದ ತೂಕದ ಮೂರನೇ ಎರಡರಷ್ಟು ಮರಳಿ ಬಂತೆಂಬುದೂ ಅದೇ ಪ್ರಯೋಗದ ಮುಂದುವರಿಕೆಯಲ್ಲಿ ಕಂಡ ಸತ್ಯ. ಹಾಗಾಗಿ "ನಿಕಾಹ್‌ಗೆ ಎರಡು ತಿಂಗಳಿದೆ, ಒಂದು ಕೋರ್ಸ್ ಮುಗಿಸಿಬಿಡೋಣ" ಎಂಬ ಲೆಕ್ಕಾಚಾರ ಕೈಕೊಡುತ್ತದೆ.

ಮದುಮಗಳಿಗೆ ಇನ್ನೊಂದು ಅಪಾಯವಿದೆ, ಇದನ್ನು ತಾಯಂದಿರು ದಯವಿಟ್ಟು ಗಮನಿಸಿ. ಗರ್ಭ ಧರಿಸಲು ಬಯಸುವವರು ಕನಿಷ್ಠ ಎರಡು ತಿಂಗಳು ಮೊದಲೇ ಸೆಮಗ್ಲುಟೈಡ್ ನಿಲ್ಲಿಸಬೇಕೆಂದು ಅದನ್ನು ತಯಾರಿಸುವ ಕಂಪೆನಿಯೇ ಹೇಳುತ್ತದೆ. ಮೌಂಜಾರೊ ಗರ್ಭನಿರೋಧಕ ಮಾತ್ರೆಯ ಪರಿಣಾಮವನ್ನು ತಗ್ಗಿಸಬಲ್ಲದು. ತೂಕ ಇಳಿದಾಗ ಪಿಸಿಒಡಿ ಇರುವ ಹುಡುಗಿಯರ ಮುಟ್ಟು ಸರಿಯಾಗಿ ಬೇಗನೆ ಗರ್ಭ ನಿಲ್ಲುವ ಸಾಧ್ಯತೆಯೂ ಹೆಚ್ಚು. ಮದುವೆಯ ಹಿಂದಿನ ವಾರದವರೆಗೆ ಚುಚ್ಚಿಸಿಕೊಂಡು ಮುಂದಿನ ತಿಂಗಳು ಮುಟ್ಟು ನಿಂತರೆ ಏನು ಮಾಡುತ್ತೀರಿ? ವೈದ್ಯರ ಚೀಟಿ ಇಲ್ಲದೆ, ಪರಿಚಯದವರ ಮೂಲಕ ತರಿಸಿ ಮನೆಯಲ್ಲೇ ಚುಚ್ಚಿಕೊಳ್ಳುವುದಂತೂ ಹುಚ್ಚುತನ.

ಹಾಗಾದರೆ ಮನೆಯವರು ಏನು ಮಾಡಬೇಕು ಎಂದು ಕೇಳಿದರೆ ಮೊದಲ ಉತ್ತರ: ಒಬ್ಬಳಿಗಾಗಿ ಬೇರೆ ಅಡುಗೆ ಮಾಡಬೇಡಿ. ಎಲ್ಲರಿಗೂ ಪರೋಟ, ಅವಳಿಗೆ ಮಾತ್ರ ಓಟ್ಸ್ ಎಂಬುದು ಚಿಕಿತ್ಸೆಯಲ್ಲ, ಶಿಕ್ಷೆ. ಎಣ್ಣೆ ಕಡಿಮೆಯಾಗುವುದಿದ್ದರೆ ಇಡೀ ಮನೆಗೆ ಕಡಿಮೆಯಾಗಲಿ. ತೆಳ್ಳಗಿರುವ ತಮ್ಮನಿಗೂ, ಗುಂಡಗಿರುವ ಅಪ್ಪನಿಗೂ ಅದರಿಂದ ನಷ್ಟವಿಲ್ಲ. ಪುಣೆಯ ವೈದ್ಯರ ಲೆಕ್ಕ ನೆನಪಿಸಿಕೊಳ್ಳಿ, ತೆಳ್ಳಗೆ ಕಾಣುವವನೂ ಸುರಕ್ಷಿತನಲ್ಲ. ನಡಿಗೆಗೆ ಹೋಗುವುದಿದ್ದರೆ ಅಣ್ಣನೋ ಗಂಡನೋ ಜೊತೆಗೆ ಹೋಗಲಿ. ಹಾಗೆ ಹೋದರೆ ರಸ್ತೆಯಲ್ಲಿ ನಗುವವರ ಬಾಯಿಯೂ ಮುಚ್ಚುತ್ತದೆ.

ಎರಡನೆಯದು, ವಾರಕ್ಕೆ ಎಷ್ಟು ಕಿಲೋ ಇಳಿಯಿತು ಎಂಬ ವಿಚಾರಣೆ ನಿಲ್ಲಿಸಿ. ಅಮೆರಿಕದಲ್ಲಿ ಮೂರು ಸಾವಿರಕ್ಕೂ ಹೆಚ್ಚು ಮಂದಿಯ ಮೇಲೆ ನಡೆದು 2002ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ತೂಕದ ಶೇ. 7ರಷ್ಟು ಇಳಿಸುವ, ವಾರಕ್ಕೆ 150 ನಿಮಿಷ ನಡೆಯುವ ಗುರಿ ಇಟ್ಟುಕೊಂಡವರಲ್ಲಿ ಸಕ್ಕರೆ ಕಾಯಿಲೆ ಬರುವ ಪ್ರಮಾಣ ಶೇ. 58ರಷ್ಟು ತಗ್ಗಿತು. ಶೇ. 7 ಎಂದರೆ 70 ಕಿಲೋ ಇರುವವರಿಗೆ ಐದು ಕಿಲೋ, ಅಷ್ಟೇ. ಫೋಟೋದಲ್ಲಿ ಅದು ಕಾಣುವುದೂ ಇಲ್ಲ. ಚೆನ್ನೈನ ವೈದ್ಯರು 2006ರಲ್ಲಿ ಪ್ರಕಟಿಸಿದ ಫಲಿತಾಂಶ ನನಗೆ ಇನ್ನೂ ಹತ್ತಿರದ್ದು. ಊಟ ಮತ್ತು ನಡಿಗೆಯನ್ನು ತಿದ್ದಿಕೊಂಡ ನಮ್ಮ ಜನರಲ್ಲಿ ಸಕ್ಕರೆ ಕಾಯಿಲೆಯ ಅಪಾಯ ಶೇ. 28ರಷ್ಟು ತಗ್ಗಿತ್ತು, ತೂಕ ಹೇಳಿಕೊಳ್ಳುವಷ್ಟು ಇಳಿಯದಿದ್ದರೂ! ತೂಕದ ಯಂತ್ರದ ಮುಳ್ಳು ಕದಲದಿದ್ದರೂ ಒಳಗೆ ಒಳ್ಳೆಯದು ಆಗುತ್ತಿರುತ್ತದೆ. ಮುಳ್ಳನ್ನೇ ನೋಡುತ್ತಾ ಕೂತವರು ಮೂರನೇ ವಾರಕ್ಕೆ ನಡಿಗೆ ಬಿಡುತ್ತಾರೆ, ಬಿಡಿಸುವವರು ಹೆಚ್ಚಾಗಿ ಮನೆಯವರೇ. "ಇಷ್ಟು ನಡೆದೂ ಹಾಗೇ ಇದ್ದೀಯಲ್ಲ" ಎಂಬ ಒಂದು ಮಾತು ಸಾಕು.

ಕೊನೆಯದಾಗಿ ಆಸ್ಪತ್ರೆ. ದಪ್ಪಗಿರುವ ಹೆಣ್ಣುಮಗಳು ಯಾವ ನೋವು ಹೇಳಿದರೂ ಮೊದಲು ತೂಕ ಇಳಿಸಿ ಬಾ ಎಂದು ಕಳಿಸುವ ವೈದ್ಯರೂ ಇದ್ದಾರೆ. ಸುಮ್ಮನೆ ಎದ್ದು ಬರಬೇಡಿ. ಥೈರಾಯ್ಡ್, ಎಚ್‌ಬಿಎ1ಸಿ, ಬಿಪಿ, ಯಕೃತ್ತಿನ ಪರೀಕ್ಷೆ ಆಗಿದೆಯೇ, ಮುಟ್ಟಿನ ಏರುಪೇರಿಗೆ ಕಾರಣ ಹುಡುಕಿದ್ದೀರಾ, ಈಗ ತೆಗೆದುಕೊಳ್ಳುತ್ತಿರುವ ಯಾವುದಾದರೂ ಮಾತ್ರೆ ತೂಕ ಏರಿಸುತ್ತಿದೆಯೇ ಎಂದು ಕೇಳಿ. ಸ್ಟಿರಾಯ್ಡ್, ಕೆಲವು ಮಾನಸಿಕ ಕಾಯಿಲೆಯ ಔಷಧಿಗಳು, ಇನ್ಸುಲಿನ್ ಕೂಡ ತೂಕ ಏರಿಸುತ್ತವೆ. ಹೊಟ್ಟೆಯ ಸುತ್ತಳತೆ ಬರೆದಿಡಲು ಹೇಳಿ, ಮೂರು ತಿಂಗಳ ಬಳಿಕ ಹೋಲಿಸಬಹುದು. ಜೊತೆಗೆ ಬಂದ ಗಂಡ ಹೊರಗೆ ಬೆಂಚಿನಲ್ಲಿ ಕೂತು ಮೊಬೈಲ್ ನೋಡುತ್ತಿದ್ದರೆ ಅವರನ್ನೂ ಒಳಗೆ ಕರೆಯಿರಿ. ಅದೇ ಟೇಪಿನಲ್ಲಿ ಅವರ ಹೊಟ್ಟೆಯನ್ನೂ ಅಳೆಸಿ. 90 ದಾಟಿದ್ದರೆ ರಕ್ತ ಕೊಡಲು ಅವರೂ ಸಾಲಿನಲ್ಲಿ ನಿಲ್ಲಲಿ.